ಬಂಡೆಯ ಹಾಡು

ಹಳೆಯ ಪೆಟ್ಟಿಗೆಯನ್ನು ತೆರೆದು ಒಪ್ಪಮಾಡುವ ಕೆಲಸವನ್ನು ಮಧ್ಯಾಹ್ನದ ಊಟವಾದ ಮೇಲೆ ಹಿಡಿಯಬಾರದು. ಬೆಳಗಿನ ಹೊತ್ತಾದರೆ ಮನುಷ್ಯನಲ್ಲಿ ಒಂದಿಷ್ಟು ಕಾಠಿಣ್ಯವಿರುತ್ತದೆ. ಬೇಕಾದದ್ದು ಒಂದು ರಾಶಿ, ಬೇಡವಾದದ್ದು ಇನ್ನೊಂದು ರಾಶಿ ಎಂದು ವಿಂಗಡಿಸಿ, ಎರಡನೆಯದನ್ನು ರದ್ದಿಯವನ ತಕ್ಕಡಿಗೆ ಹಾಕಿ ಕೈ ತೊಳೆದುಕೊಳ್ಳಬಹುದು. ಊಟವಾದ ಮೇಲೆ ಆ ಧೈರ್ಯ ಉಳಿಯುವುದಿಲ್ಲ. ಕೈಗೆ ಬಂದ ಪ್ರತಿಯೊಂದು ಕಾಗದವೂ ತನ್ನ ಗುರುತು ಸಿಕ್ಕಿತೇ ಎಂದು ಕೇಳತೊಡಗುತ್ತದೆ.

ಧಾರವಾಡದ ನಮ್ಮ ಮನೆಯನ್ನು ಮಾರುವುದೆಂದು ನಿಶ್ಚಯವಾದ ಮೇಲೆ ಅಪ್ಪನ ಕಬ್ಬಿಣದ ಟ್ರಂಕನ್ನು ನಾನು ತೆರೆದದ್ದು ಇಂಥ ಒಂದು ಮಧ್ಯಾಹ್ನ. ಅಪ್ಪ ತೀರಿಕೊಂಡದ್ದು 2022 ರಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ. ಅವರು ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದರು. ರವಿವಾರ ದೇವಾಲಯದಲ್ಲಿ ಕಾಲಿನಿಂದ ತುಳಿಯುವ ದೊಡ್ಡ ಹಾರ್ಮೋನಿಯಂ ನುಡಿಸುತ್ತಿದ್ದರು. ಟ್ರಂಕಿನಲ್ಲಿ ಇದ್ದದ್ದೂ ಈ ಎರಡರ ಸಾಮಾನೇ: ನಾಲ್ಕು ವ್ಯಾಕರಣದ ಪುಸ್ತಕ, ಬೆನ್ನು ಹರಿದ ಸಂಗೀತದ ಪುಸ್ತಕ, ಹಿತ್ತಾಳೆಯ ರೀಡುಗಳನ್ನು ಸುತ್ತಿಟ್ಟ ಒಂದು ಕರವಸ್ತ್ರ. ಎಲ್ಲಕ್ಕಿಂತ ಕೆಳಗೆ ಒಂದು ಕ್ಯಾಸೆಟ್ಟು. ಅದನ್ನು ಕಂಡು ನಾನು ನೆಲದ ಮೇಲೆಯೇ ಕೂತುಬಿಟ್ಟೆ. ಆ ಕ್ಯಾಸೆಟ್ಟು ನನ್ನದು. ನಲವತ್ತು ವರ್ಷಗಳ ಹಿಂದೆ ಅದರ ಸಲುವಾಗಿ ನಮ್ಮ ಮನೆಯಲ್ಲಿ ನಡೆದ ಯುದ್ಧದಲ್ಲಿ ಅಪ್ಪ ಒಂದು ಪಕ್ಷ, ನಾನೊಂದು ಪಕ್ಷ. ಅವ್ವ ಎರಡೂ ಪಕ್ಷಗಳಿಗೆ ಚಹಾ ಪೂರೈಸುತ್ತಿದ್ದಳು.

ಕ್ಯಾಸೆಟ್ಟಿನ ಹೆಸರು 'ನಾಟ್ ಆಫ್ ದಿಸ್ ವರ್ಲ್ಡ್'. ಹಾಡಿದವರು ಅಮೆರಿಕದ 'ಪೆಟ್ರಾ' ಎಂಬ ಮೇಳ. ಹೊರಬಂದದ್ದು 1983 ರಲ್ಲಿ.

ಈ ಮೇಳದ ವಿಷಯವನ್ನು ವಾಚಕರಿಗೆ ಸ್ವಲ್ಪ ಹೇಳಬೇಕು. ಪೆಟ್ರಾ ಎಂದರೆ ಗ್ರೀಕ್ ಭಾಷೆಯಲ್ಲಿ ಬಂಡೆ. ಯೇಸು ತನ್ನ ಶಿಷ್ಯ ಸೀಮೋನನಿಗೆ ಪೇತ್ರನೆಂದು ಹೆಸರಿಟ್ಟು, ಆ ಬಂಡೆಯ ಮೇಲೆ ಸಭೆಯನ್ನು ಕಟ್ಟುವೆನೆಂದ ಕಥೆ ಗೊತ್ತಿದ್ದವರಿಗೆ ಹೆಸರಿನ ಅರ್ಧ ಮರ್ಮ ತಿಳಿಯುತ್ತದೆ. ಉಳಿದ ಅರ್ಧ ಇಂಗ್ಲಿಷಿನ ಶ್ಲೇಷೆ: ಅಲ್ಲಿ ಬಂಡೆಗೂ 'ರಾಕ್' ಎಂದೇ ಹೆಸರು, ಡ್ರಮ್ಮು ಗಿಟಾರುಗಳ ಆ ಅಬ್ಬರದ ಸಂಗೀತಕ್ಕೂ ಅದೇ ಹೆಸರು. 1972 ರಲ್ಲಿ ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಎಂಬ ಊರಿನಲ್ಲಿ ನಾಲ್ವರು ತರುಣರು ಸೇರಿ ಇದನ್ನು ಕಟ್ಟಿದರು. ಅವರಲ್ಲಿ ಬಾಬ್ ಹಾರ್ಟ್‌ಮನ್ ಎಂಬವನು ಗಿಟಾರಿನವನು. ಮೇಳದ ಹೆಚ್ಚಿನ ಹಾಡುಗಳನ್ನು ಬರೆದವನೂ ಅವನೇ. ಅದು ಅಮೆರಿಕದಲ್ಲಿ ಉದ್ದಗೂದಲಿನ ಹುಡುಗರು ಗುಂಪುಗುಂಪಾಗಿ ಯೇಸುವಿನ ಕಡೆಗೆ ತಿರುಗಿದ ಕಾಲ. ಅವರಿಗೆ ದೇವರು ಬೇಕಾಗಿತ್ತು, ಆದರೆ ಗಿಟಾರು ಬಿಡಲು ಮನಸ್ಸಿರಲಿಲ್ಲ. 1974 ರಲ್ಲಿ ಮೊದಲನೆಯ ಧ್ವನಿಮುದ್ರಿಕೆ ಬಂತು, 1977 ರಲ್ಲಿ ಎರಡನೆಯದು. ಚರ್ಚಿಗೆ ಹೋಗುವವರಿಗೆ ಅದರಲ್ಲಿ ಗದ್ದಲ ಹೆಚ್ಚಾಯಿತು. ಗದ್ದಲ ಬೇಕಾದವರಿಗೆ ಧರ್ಮ ಹೆಚ್ಚಾಯಿತು. ಎರಡು ಮನೆಯ ನೆಂಟನಿಗೆ ಎರಡೂ ಕಡೆ ಊಟ ತಪ್ಪಿದಂತೆ ಅವರ ಪಾಡು. 1979 ರಲ್ಲಿ ಗ್ರೆಗ್ ವೋಲ್ಜ್ ಎಂಬ ಒಳ್ಳೆಯ ಕಂಠದ ಗಾಯಕನು ಮುಖ್ಯ ಹಾಡುಗಾರನಾದ. 1981 ರಲ್ಲಿ 'ದಿ ಕಲರಿಂಗ್ ಸಾಂಗ್' ಎಂಬ ಹಾಡು ಅಲ್ಲಿಯ ಕ್ರೈಸ್ತ ರೇಡಿಯೋಗಳಲ್ಲಿ ಮನೆಮಾತಾಯಿತು. ಮಜವೆಂದರೆ ಅದು ಜೋಗುಳದಷ್ಟು ಮೆತ್ತಗಿನ ಹಾಡು. ರಾಕ್ ಮೇಳಕ್ಕೆ ಅನ್ನ ಹುಟ್ಟಿಸಿಕೊಟ್ಟದ್ದು ರಾಕ್ ಅಲ್ಲದ ಹಾಡು!

ನನ್ನ ಚಿಗವ್ವ ಷಿಕಾಗೋದಲ್ಲಿ ನರ್ಸಾಗಿದ್ದಳು. 1984 ರ ಕ್ರಿಸ್ಮಸ್ಸಿಗೆ ಊರಿಗೆ ಬಂದವಳು ಅಪ್ಪನಿಗೆ ಒಂದು ಉಣ್ಣೆಯ ಸ್ವೆಟರು, ನನಗೆ ಈ ಮೇಳದ ಎರಡು ಕ್ಯಾಸೆಟ್ಟು ತಂದಳು. ಒಂದು ಈಗ ಹೇಳಿದ್ದು. ಇನ್ನೊಂದು ಅದರ ಹಿಂದಿನ ವರ್ಷದ 'ಮೋರ್ ಪವರ್ ಟು ಯಾ'. ನನಗೆ ಆಗ ಹದಿನಾರು ವರ್ಷ. ಹದಿನಾರು ವರ್ಷದ ಹುಡುಗನಿಗೆ ದೇವರು ತನ್ನ ಪಕ್ಷದಲ್ಲಿರುವಾಗಲೇ ಅಪ್ಪನಿಗೆ ಸಿಟ್ಟು ಬರಿಸುವ ಅವಕಾಶ ದೊರೆಯುವುದು ಎಷ್ಟು ಅಪರೂಪವೆಂಬುದನ್ನು ವಾಚಕರು ಊಹಿಸಿಕೊಳ್ಳಬೇಕು. ಟೇಪ್ ರೆಕಾರ್ಡರಿನ ಕಿವಿಯನ್ನು ಪೂರ್ತಿ ತಿರುವಿ ಹಾಡು ಹಚ್ಚಿದೆ.

"ಏನೋ ಗದ್ಲ ಹಚ್ಚೀ ಇದು?"

"ದೇವರ ಹಾಡು ಅಪ್ಪಾ."

"ದೇವರಿಗೇನು ಕಿವುಡ ಬಂದೈತೇನು?"

ಅಪ್ಪ ಸಂಗೀತದ ವಿಷಯದಲ್ಲಿ ಕಟ್ಟುನಿಟ್ಟಿನವರು. ಬಾಸೆಲ್ ಮಿಷನ್ನಿನವರು ಹಾಕಿಕೊಟ್ಟ ರೂಢಿಯಂತೆ ನಮ್ಮ ಸಭೆಯಲ್ಲಿ ನಾಲ್ಕು ದನಿಗಳಲ್ಲಿ ಹಾಡುತ್ತಾರೆ. ಒಂದೊಂದು ದನಿಗೂ ಒಂದೊಂದು ಬೆಂಚು. ಕಂಠ ಒಡೆದ ವರ್ಷ ಅಪ್ಪ ನನ್ನನ್ನು ಬಾಸ್ ಬೆಂಚಿಗೆ ದಾಟಿಸಿದ್ದರು. ಅವರು ಅದನ್ನು ಬಾಸ್ ಎನ್ನುತ್ತಿರಲಿಲ್ಲ, 'ಕೆಳಗಿನ ದನಿ' ಎನ್ನುತ್ತಿದ್ದರು. ದಿನಾ ಸಂಜೆ ಹಾರ್ಮೋನಿಯಮ್ಮಿನ ಪಕ್ಕ ನಿಲ್ಲಿಸಿಕೊಂಡು, ಮೇಲಿನ ರಾಗವನ್ನು ತಾವು ನುಡಿಸುತ್ತ, ಕೆಳಗಿನದನ್ನು ನನ್ನಿಂದ ಹಾಡಿಸುತ್ತಿದ್ದರು. ಕೆಳಗಿನ ದನಿಗೆ ತನ್ನದೆಂಬ ಚಂದವಿಲ್ಲ. ಒಂದೇ ಕಡೆ ನಿಂತು ನಿಂತು, ಎರಡು ಮೆಟ್ಟಿಲು ಇಳಿದು ಒಂದು ಏರುತ್ತದೆ. ಬೇಸರವೆಂದರೆ, "ಕೆಳಗಿಂದು ಇಲ್ಲದs ಮ್ಯಾಲಿಂದು ನಿಲ್ಲೂದಿಲ್ಲ" ಎನ್ನುತ್ತಿದ್ದರು. ಮಲ್ಲಿಕಾರ್ಜುನ ಮನಸೂರರ ಊರಿನಲ್ಲಿ ಜರ್ಮನ್ ರಾಗಗಳ ಕೆಳಗಿನ ದನಿಯನ್ನು ಸಾಧನೆ ಮಾಡುವ ಹುಡುಗನ ಸ್ಥಿತಿಯನ್ನು ನೆರೆಹೊರೆಯವರು ಕನಿಕರದಿಂದ ನೋಡುತ್ತಿದ್ದರು. ಅಪ್ಪನ ವಾದ್ಯವಾದರೂ ಏನು ದೊಡ್ಡ ಕುಲದ್ದೇ? ಹಾರ್ಮೋನಿಯಮ್ಮನ್ನು ಆಕಾಶವಾಣಿಯವರು 1940 ರಿಂದ 1971 ರ ವರೆಗೆ ಒಳಗೆ ಬಿಟ್ಟುಕೊಂಡಿರಲಿಲ್ಲ. ಇದನ್ನು ಒಮ್ಮೆ ಅಪ್ಪನಿಗೆ ನೆನಪಿಸಿ ಊಟದ ಮನೆಯಿಂದ ಎದ್ದುಹೋಗಬೇಕಾಯಿತು.

ಈ ನಡುವೆ ನಮ್ಮ ಸಭೆಯ ಹಿರಿಯರೊಬ್ಬರು ಒಂದು ಕರಪತ್ರ ಹಿಡಿದುಕೊಂಡು ಬಂದರು. ರಾಕ್ ಹಾಡುಗಳನ್ನು ಹಿಂದುಮುಂದಾಗಿ ನುಡಿಸಿದರೆ ಸೈತಾನನ ಮಾತು ಕೇಳುತ್ತದೆಂದು ಅದರಲ್ಲಿ ಅಚ್ಚಾಗಿತ್ತು. ನಗಬೇಡಿ. ಈ ಭಯ ಆಗ ಅಮೆರಿಕದಲ್ಲಿ ಮನೆಮನೆಗೂ ಹಬ್ಬಿತ್ತು. 1982 ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆಯ ಸಮಿತಿಯೊಂದು ಕೂತು ಇಂಥ ಹಾಡನ್ನು ಹಿಂದುಮುಂದಾಗಿ ಕೇಳಿತ್ತು. ಕ್ರೈಸ್ತ ಮೇಳಗಳಿಗೂ ವಿನಾಯಿತಿ ಇರಲಿಲ್ಲ. ಜಿಮ್ಮಿ ಸ್ವ್ಯಾಗರ್ಟ್ ಎಂಬ ಹೆಸರಾಂತ ಟೆಲಿವಿಷನ್ ಬೋಧಕರು ಧಾರ್ಮಿಕ ರಾಕ್ ಸಂಗೀತವು ಕುರಿಯ ತೊಗಲು ಹೊದ್ದ ತೋಳವೆಂದು 1987 ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಹಿರಿಯರ ಎದುರಿಗೇ ಪರೀಕ್ಷೆಯಾಗಲೆಂದು ನಾನು ಹಟ ಹಿಡಿದೆ. ಗಡಿಯಾರ ರಿಪೇರಿಯವನಿಂದ ಸಣ್ಣ ತಿರುಪುಳಿ ತಂದು 'ಮೋರ್ ಪವರ್' ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಸುರುಳಿಗಳನ್ನು ಮಗುಚಿ ಹಾಕಿ, ಟೇಪು ಬೆನ್ನು ಕೊಟ್ಟು ಓಡುವಂತೆ ಮಾಡಿದೆ. ಬಾಯಲ್ಲಿ ಹತ್ತಿ ತುರುಕಿಕೊಂಡವರು ಜಗಳವಾಡಿದಂತೆ ದನಿ ಹೊರಟಿತು. ಹಾಗೆ ಬಹಳ ಹೊತ್ತು ಹೋಗಿ, 'ಜೂಡಸ್ ಕಿಸ್' ಎಂಬ ಹಾಡಿನ ಆರಂಭ ಬರಬೇಕಾದ ಕಡೆ, ಒಮ್ಮೆಲೇ ಒಬ್ಬ ಮನುಷ್ಯ ಸರಿಯಾದ ಇಂಗ್ಲಿಷಿನಲ್ಲಿ ಮಾತನಾಡಿದ. ಅದರಲ್ಲಿ 'ಡೆವಿಲ್' ಎಂಬ ಶಬ್ದ ಎಲ್ಲರಿಗೂ ಕೇಳಿಸಿತು. ನನಗೆ ಬೆವರೊಡೆಯಿತು. ಹಿರಿಯರು ಎದ್ದು ನಿಂತು, "ಕೇಳಿದಿರಿಲ್ಲ ಮಾಸ್ತರ?" ಎಂದವರೇ ಟೊಪ್ಪಿಗೆ ಹಾಕಿಕೊಂಡು ಹೊರಟುಹೋದರು.

ಅಪ್ಪ ಹೊರಡಲಿಲ್ಲ. ಇಂಗ್ಲಿಷು ಮಾಸ್ತರರಿಗೆ ಅರ್ಧ ವಾಕ್ಯದಲ್ಲಿ ತೃಪ್ತಿಯಿಲ್ಲ. "ಇನ್ನೊಮ್ಮೆ ಹಚ್ಚು" ಎಂದರು. ಮೂರನೆಯ ಸಲಕ್ಕೆ ವಾಕ್ಯ ಪೂರ್ತಿ ಸಿಕ್ಕಿತು. ದೇವರನ್ನು ಹುಡುಕುವುದು ಬಿಟ್ಟು ಇಲ್ಲಿ ಸೈತಾನನನ್ನೇಕೆ ಹುಡುಕುತ್ತೀರಿ, ಎಂದು ಆ ಮನುಷ್ಯ ಕೇಳುತ್ತಿದ್ದ. ಹಿಂದುಮುಂದು ನುಡಿಸಿ ಪಾಪ ಹಿಡಿಯಲು ಬರುವವರಿಗಾಗಿಯೇ ಮೇಳದವರು ಅದನ್ನು ಅಲ್ಲಿ ಅಡಗಿಸಿಟ್ಟಿದ್ದರು! ಅಪ್ಪನ ಹೊಟ್ಟೆ ಅಲುಗಾಡತೊಡಗಿತು. ಅವರು ನಕ್ಕದ್ದನ್ನು ನಾನು ಎಣಿಸಿದಷ್ಟು ಸಲವೇ ನೋಡಿದ್ದೇನೆ. ಅದರಲ್ಲಿ ಇದು ದೊಡ್ಡದು. ಆ ಕ್ಯಾಸೆಟ್ಟು ಮಾತ್ರ ಮತ್ತೆ ಸರಿಯಾಗಲಿಲ್ಲ.

ಉಳಿದ ಕ್ಯಾಸೆಟ್ಟಿನ ಭವಿಷ್ಯ ಮರುದಿನ ಸಂಜೆ ತೀರ್ಮಾನವಾಯಿತು. ಅಪ್ಪ ಪಡಸಾಲೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ನಾನು ಅದನ್ನು ಮೊದಲಿನಿಂದ ಹಚ್ಚಿದೆ. ಅದರ ಮೊದಲನೆಯ ತುಣುಕಿನಲ್ಲಿ ಹಾಡಿಲ್ಲ, ಬರಿಯ ವಾದ್ಯ. ವಿದ್ಯುತ್ತಿನ ಕೀಬೋರ್ಡುಗಳಲ್ಲಿ ನುಡಿಸಿದ ಒಂದು ನಿಧಾನವಾದ ರಾಗ. ಎರಡು ಸಾಲು ಆಗುವಷ್ಟರಲ್ಲಿ ಅಪ್ಪ ಕೆಂಪು ಪೆನ್ಸಿಲು ಕೆಳಗಿಟ್ಟು ಎದ್ದು ನಿಂತರು. ಬಯ್ಯಲು ಎದ್ದರೆಂದು ನಾನು ಹಿಂದೆ ಸರಿದೆ. ಆದರೆ ಅವರು ಕೈ ಕಟ್ಟಿಕೊಂಡು ಸುಮ್ಮನೆ ನಿಂತಿದ್ದರು. ಆಮೇಲೆ ನನಗೂ ಗುರುತು ಸಿಕ್ಕಿತು. ಅದು ನಮ್ಮ ದೇವಾಲಯದಲ್ಲಿ ಕೊನೆಗೆ ಎಲ್ಲರೂ ಎದ್ದು ನಿಂತು ಹಾಡುವ ಸ್ತೋತ್ರದ ರಾಗ. ಇಂಗ್ಲಿಷಿನವರು 'ಓಲ್ಡ್ ಹಂಡ್ರೆಡ್ತ್' ಎನ್ನುತ್ತಾರೆ. ಅದನ್ನು ಕೂತು ಕೇಳುವುದು ಅಪ್ಪನ ಕಾಲುಗಳಿಗೆ ಗೊತ್ತಿರಲಿಲ್ಲ. ಎರಡನೆಯ ಹಾಡಿನ ಡ್ರಮ್ಮು ಶುರುವಾದೊಡನೆ ಅವರು ಕೂತರು. "ಇಲ್ಲೀತನಕಾ ಸುದ್ದಿತ್ತು" ಎಂದರು. ಒಪ್ಪಂದವಾಯಿತು: ಕ್ಯಾಸೆಟ್ಟು ಮನೆಯಲ್ಲಿ ಇರಬಹುದು, ಅವರಿರುವಾಗ ಮೊದಲನೆಯದನ್ನಷ್ಟೇ ಹಚ್ಚಬೇಕು.

ಆ ರಾಗದ ಚರಿತ್ರೆಯನ್ನು ನಾನು ಓದಿದ್ದು ಬಹಳ ವರ್ಷಗಳ ಮೇಲೆ. ಅದು ಮೊದಲು ಅಚ್ಚಾದದ್ದು 1551 ರ ಜಿನೀವಾದ ಕೀರ್ತನೆಗಳ ಪುಸ್ತಕದಲ್ಲಿ, 134 ನೆಯ ಕೀರ್ತನೆಗೆ. ಇಂಗ್ಲಿಷಿನವರು ಅದನ್ನು 100 ನೆಯ ಕೀರ್ತನೆಗೆ ಹೊಂದಿಸಿಕೊಂಡದ್ದರಿಂದ ಆ ಹೆಸರು ಬಂತು. ಕಟ್ಟಿದವನು ಲೂಯಿ ಬೂರ್ಜ್ವಾ ಎಂದು ಹೇಳುತ್ತಾರೆ. ಕಾಲ್ವಿನನ ಜಿನೀವಾದಲ್ಲಿ ದೇವಾಲಯದೊಳಗೆ ವಾದ್ಯವೇ ಕೂಡದು. ಆರ್ಗನ್ನೂ ಇಲ್ಲ, ನಾಲ್ಕು ದನಿಯೂ ಇಲ್ಲ, ಎಲ್ಲರದೂ ಒಂದೇ ದನಿ. ಈ ಬೂರ್ಜ್ವಾ ಮಹಾಶಯನು ಜನರಿಗೆ ರೂಢಿಯಾಗಿದ್ದ ಕೆಲವು ರಾಗಗಳನ್ನು ಅಪ್ಪಣೆಯಿಲ್ಲದೆ ಬದಲಿಸಿದನೆಂದು ಅದೇ 1551 ರ ಡಿಸೆಂಬರಿನಲ್ಲಿ ಊರಿನ ಅಧಿಕಾರಿಗಳು ಅವನನ್ನು ಸೆರೆಮನೆಗೆ ಹಾಕಿದರು. ಕಾಲ್ವಿನ್ ತಾನೇ ಹೇಳಿ ಬಿಡಿಸಬೇಕಾಯಿತು. ಅಂದರೆ ಅಪ್ಪನು ಬಂಡೆಯಷ್ಟು ಹಳೆಯದೆಂದು ಎದ್ದು ನಿಲ್ಲುತ್ತಿದ್ದ ರಾಗವೂ ಒಂದು ಕಾಲದಲ್ಲಿ ಅಪ್ಪಣೆ ಮೀರಿದವನ ರಾಗ. ನಾನು ಗೆದ್ದೆನೆಂದುಕೊಂಡು ಇದನ್ನೆಲ್ಲ ಅವರಿಗೆ ಓದಿ ಹೇಳಿದೆ. ಆಗ ಅವರಿಗೆ ಎಂಬತ್ತು ದಾಟಿತ್ತು. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿ, "ರಾಗ ಕೆಡಿಸಿದವನ್ನ ಜೇಲಿಗೆ ಹಾಕಿದ್ದು ಛಲೋನs ಮಾಡ್ಯಾರ" ಎಂದರು.

ಇಷ್ಟರ ಮಧ್ಯೆ ನಾನು ದೇವಾಲಯಕ್ಕೆ ಹೋಗುವುದನ್ನು ಬಿಟ್ಟಿದ್ದೆ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಯಾರೊಡನೆಯೂ ಜಗಳವಾಡಲಿಲ್ಲ, ಯಾವ ಪುಸ್ತಕವೂ ನನ್ನನ್ನು ಕೆಡಿಸಲಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ, ಬಾವಿಯ ನೀರು ಬೇಸಗೆಯಲ್ಲಿ ಇಳಿಯುವಂತೆ ನಂಬಿಕೆ ಇಳಿಯಿತು. ಒಂದು ದಿನ ಬಗ್ಗಿ ನೋಡಿದರೆ ತಳ ಕಾಣುತ್ತಿತ್ತು. ಅಪ್ಪನಿಗೆ ತಿಳಿಯಿತು, ಕೇಳಲಿಲ್ಲ. ರಜೆಗೆ ಹೋದಾಗ ಒಂದು ರವಿವಾರ ಅವರು ದೇವಾಲಯದಿಂದ ಬಂದು ಕೋಟು ಬಿಚ್ಚುತ್ತ, "ಇವತ್ತ ಕೆಳಗಿನ ಬೆಂಚಿನ್ಯಾಗ ಇಬ್ಬರs ಇದ್ರು" ಎಂದರು. ಅಷ್ಟೇ. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಅವರನ್ನು ಮಣ್ಣು ಮಾಡಿದ ದಿನ ಗೋರಿಯ ಸುತ್ತ ನಿಂತವರೆಲ್ಲ ಆ ಸ್ತೋತ್ರವನ್ನು ಹಾಡಿದರು. ನಾನು ಹಾಡಲಿಲ್ಲ. ನಂಬದ ಮಾತನ್ನು ಅಪ್ಪನ ಹೆಣದ ಮುಂದೆ ನಿಂತು ಹಾಡುವುದು ಸುಳ್ಳು ಎಂದು ಆಗ ತೋರಿತು. ಜನ ನನ್ನ ಮುಚ್ಚಿದ ಬಾಯನ್ನು ಕಂಡರು, ದುಃಖವೆಂದು ತಿಳಿದುಕೊಂಡಿರಬೇಕು. ಅಂದಿನಿಂದ ನಾನು ಎಷ್ಟೋ ರಾತ್ರಿ ಇದನ್ನೇ ಯೋಚಿಸಿದ್ದೇನೆ. ಅದು ಪ್ರಾಮಾಣಿಕತೆಯೋ ಅಥವಾ ಬರಿಯ ಜಿಪುಣತನವೋ? ಅವರು ಎಷ್ಟು ಸಂಜೆ ನಿಂತು ಕಲಿಸಿದ್ದನ್ನು ಒಂದು ಸಲ ತಿರುಗಿ ಕೊಡಲು ನನಗೆ ಆಗಲಿಲ್ಲ.

ಟ್ರಂಕಿನಿಂದ ತೆಗೆದ ಕ್ಯಾಸೆಟ್ಟನ್ನು ಬೆಂಗಳೂರಿಗೆ ತಂದೆ. ಟೇಪಿಗೆ ಬೂಸಲು ಬಂದಿತ್ತು. ನುಡಿಸುವ ಯಂತ್ರವೂ ಮನೆಯಲ್ಲಿಲ್ಲ. ಮಗಳು ತನ್ನ ಫೋನಿನಲ್ಲಿ ಅರ್ಧ ನಿಮಿಷದಲ್ಲಿ ಇಡೀ ಮೇಳವನ್ನೇ ತಂದು ಮೇಜಿನ ಮೇಲೆ ನಿಲ್ಲಿಸಿದಳು. ಅವರ ಮುಂದಿನ ಕಥೆಯೆಲ್ಲ ಅದರಲ್ಲಿತ್ತು. ವೋಲ್ಜ್ ಬಿಟ್ಟು ಹೋದ ಮೇಲೆ 1986 ರಲ್ಲಿ ಜಾನ್ ಶ್ಲಿಟ್ ಬಂದ. ಹಿಂದೆ 'ಹೆಡ್ ಈಸ್ಟ್' ಎಂಬ ಲೌಕಿಕ ಮೇಳದಲ್ಲಿ ಹಾಡುತ್ತ, ಕುಡಿತ ಕೊಕೇನುಗಳಲ್ಲಿ ಕೆಟ್ಟು, ಅಲ್ಲಿಂದ ಹೊರಬಿದ್ದು, ದೇವರ ಕಡೆ ತಿರುಗಿ ಗಣಿಯ ಇಂಜಿನಿಯರನಾಗಿದ್ದವನು. ಅವನ ಕಾಲದಲ್ಲಿಯೇ ಮೇಳಕ್ಕೆ ನಾಲ್ಕು ಸಲ ಗ್ರ್ಯಾಮಿ ಪ್ರಶಸ್ತಿ ಬಂತು. ಮೊದಲು ಬಾಗಿಲು ಹಾಕಿದವರೇ ಆಮೇಲೆ ಹಾರ ಹಾಕಿದರು. 2005 ರ ಡಿಸೆಂಬರ್ 31 ರಂದು ಉತ್ತರ ಕ್ಯಾರೊಲೈನಾದ ಮರ್ಫಿ ಎಂಬ ಊರಿನಲ್ಲಿ ವಿದಾಯದ ಕಚೇರಿ ಮಾಡಿ ಮೇಳ ಮುಗಿಸಿದರು. ಮುಗಿಸಿದವರು ಸುಮ್ಮನಿರಲಿಲ್ಲ, ಮತ್ತೆ ಮತ್ತೆ ಕೂಡಿ ಹಾಡಿದರು. ಗಾಯಕರ ವಿದಾಯವನ್ನು ಯಾವ ದೇಶದಲ್ಲಿಯೂ ಪೂರ್ತಿ ನಂಬಬಾರದು.

ಹಾಡುಗಳನ್ನು ಒಂದೊಂದಾಗಿ ಕೇಳಿದೆ. ನಿಜ ಹೇಳಬೇಕೆಂದರೆ ಬಹಳಷ್ಟು ಹಾಡುಗಳಿಗೆ ವಯಸ್ಸಾಗಿದೆ. ಹದಿನಾರರಲ್ಲಿ ನನಗೆ ಗುಡುಗೆಂದು ಕೇಳಿಸಿದ ಡ್ರಮ್ಮು ಈಗ ತಗಡಿನ ಡಬ್ಬಿಯೆಂದು ಕೇಳಿಸಿತು. ಅಪ್ಪ ಆಗಲೇ ಹಾಗೆ ಅಂದಿದ್ದರು. ಕೀಬೋರ್ಡಿನ ಸ್ವರಗಳು ಜಾತ್ರೆಯ ಪೀಪಿಯನ್ನು ನೆನಪಿಗೆ ತಂದವು. ಹಾರ್ಟ್‌ಮನ್ನನು ಪ್ರಾಮಾಣಿಕ ಮನುಷ್ಯ, ಆದರೆ ಬೋಧಕ. ವೇದವಾಕ್ಯಕ್ಕೆ ಪ್ರಾಸ ಕಟ್ಟಿ ಮೊಳೆ ಹೊಡೆಯುತ್ತಾನೆ. ಸಂಶಯಕ್ಕೆ ಅವನ ಮನೆಯಲ್ಲಿ ಮಣೆಯಿಲ್ಲ. ನಮ್ಮ ಪುರಂದರದಾಸರು ದೇವರೊಡನೆ ಸಾಲಗಾರನೊಡನೆ ಆಡಿದಂತೆ ಜಗಳವಾಡುತ್ತಾರೆ. ಆ ಸಲಿಗೆ ಈ ಹಾಡುಗಳಲ್ಲಿ ಇಲ್ಲವೆಂದೇ ಬರೆಯಬೇಕೆಂದಿದ್ದೆ. ಆದರೆ ನಾಲ್ಕನೆಯ ಹಾಡು ಬಂದು ನನ್ನ ಮಾತನ್ನು ಕಿತ್ತುಕೊಂಡಿತು. ಅದರ ಹೆಸರು 'ಗ್ರೇವ್ ರಾಬರ್', ಗೋರಿಗಳ್ಳ. ಸಾವು ಕೂಡಿಟ್ಟದ್ದನ್ನೆಲ್ಲ ಕದ್ದೊಯ್ಯುವ ಕಳ್ಳನೆಂದು ಕ್ರಿಸ್ತನನ್ನು ಕರೆಯುವ ಹಾಡು. ದೇವರನ್ನು ಕಳ್ಳನೆನ್ನುವುದು ನಮ್ಮ ಕಡೆಯವರಿಗೆ ಹೊಸದಲ್ಲ, ಬೆಣ್ಣೆಗಳ್ಳನನ್ನೂ ಚಿತ್ತಚೋರನನ್ನೂ ಹಾಡಿಕೊಂಡೇ ಬೆಳೆದ ನಾಡು ಇದು. ಆದರೆ ಗೋರಿಗೆ ಕನ್ನ ಹಾಕುವ ಕಳ್ಳ! ವೋಲ್ಜನ ಕಂಠ ಅಲ್ಲಿ ಯಾವ ಆಡಂಬರವೂ ಇಲ್ಲದೆ ಏರುತ್ತದೆ. ನಂಬಿಕೆ ಇದ್ದ ಕಾಲದಲ್ಲಿ ಆ ಹಾಡನ್ನು ನಾನು ಇಷ್ಟು ಸರಿಯಾಗಿ ಕೇಳಿಯೇ ಇರಲಿಲ್ಲ. ಆಗ ನನಗೆ ಪರಿಚಯದ ಗೋರಿಗಳು ಇರಲಿಲ್ಲ.

ಹಾಡಿನ ಹೆಸರನ್ನು ಖಚಿತಪಡಿಸಿಕೊಳ್ಳಲು ಕ್ಯಾಸೆಟ್ಟಿನ ಡಬ್ಬಿಯೊಳಗಿನ ಮಡಿಕೆ ಕಾಗದವನ್ನು ಹೊರಗೆಳೆದೆ. ಮೊದಲನೆಯ ತುಣುಕಿನ ಪಕ್ಕದಲ್ಲಿ ಅಪ್ಪನ ಅಕ್ಷರ, ಪೆನ್ಸಿಲಿನಲ್ಲಿ: ನಮ್ಮ ಸಂಗೀತದ ಪುಸ್ತಕದಲ್ಲಿ ಆ ಸ್ತೋತ್ರಕ್ಕಿರುವ ಅಂಕೆ. ಎರಡನೆಯದಕ್ಕೂ ಮೂರನೆಯದಕ್ಕೂ ಏನೂ ಇಲ್ಲ. ನಾಲ್ಕನೆಯದರ ಮುಂದೆ ಕೆಂಪು ಪೆನ್ಸಿಲಿನ ಒಂದು ಸರಿಗುರುತು, ಉತ್ತರಪತ್ರಿಕೆಯಲ್ಲಿ ಹಾಕುತ್ತಿದ್ದರಲ್ಲ, ಅಂಥದೇ.

ಯಾವಾಗ ಕೇಳಿದರು? ಅವ್ವ ಹೋದದ್ದು 2003 ರಲ್ಲಿ. ಅದಾದ ಮೇಲೆ ಆ ಮನೆಯಲ್ಲಿ ಸಂಜೆ ಅವರೊಬ್ಬರೇ ಇರುತ್ತಿದ್ದರು. ಟೇಪ್ ರೆಕಾರ್ಡರು ಪಡಸಾಲೆಯಲ್ಲಿಯೇ ಇತ್ತು. ಒಪ್ಪಂದ ಮುರಿದ ಸುದ್ದಿಯನ್ನು ನನಗೆ ಯಾಕೆ ಹೇಳಲಿಲ್ಲವೋ.

ಕಾಗದವನ್ನು ಮಡಿಸಿ ಒಳಗಿಟ್ಟೆ. ಮೊದಲನೆಯದನ್ನು ಇನ್ನೊಮ್ಮೆ ಹಚ್ಚೆಂದು ಮಗಳಿಗೆ ಹೇಳಿದೆ. ಆ ನಿಧಾನದ ರಾಗ ಫೋನಿನಿಂದ ಸಣ್ಣಗೆ ಹೊರಟಿತು. ನಾನು ಎದ್ದು ನಿಲ್ಲುವೆನೋ ಎಂದು ನನಗೇ ಕುತೂಹಲವಿತ್ತು. ನಿಲ್ಲಲಿಲ್ಲ, ನಿಂತಿದ್ದರೆ ಅದು ನಾಟಕವಾಗುತ್ತಿತ್ತು. ಆದರೆ ಎರಡನೆಯ ಸಾಲಿಗೆ ಗಂಟಲು ತಾನಾಗಿಯೇ ತೆರೆದುಕೊಂಡಿತು. ಒಂದೇ ಕಡೆ ನಿಂತು, ಎರಡು ಮೆಟ್ಟಿಲು ಇಳಿದು, ಒಂದು ಏರಿ.

ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಪ್ಪಾ, ನಿಂಗೆ ಈ ಹಾಡು ಬರುತ್ತಾ?" ಎಂದಳು.

"ಹಾಡು ಬರುವುದಿಲ್ಲ" ಎಂದೆ. "ಕೆಳಗಿನ ದನಿ ಅಷ್ಟೇ ಬರುತ್ತದೆ."